ನೀಲಿ ಹಾಕದ ಕೆರೆ

ಡಿಸೆಂಬರ್ ಬಂತೆಂದರೆ ಚಾಮರಾಜಪೇಟೆಯ ಮೂಲೆಮೂಲೆಗೂ ಅವರೆಕಾಯಿ ಬಂದು ಬೀಳುತ್ತದೆ. ತಳ್ಳುಗಾಡಿಯ ಮೇಲೆ, ಗೋಣಿತಾಟಿನ ಮೇಲೆ, ಇನ್ನೂ ತೆರೆಯದ ಅಂಗಡಿಗಳ ಮೆಟ್ಟಿಲ ಮೇಲೆ ಹಸಿರು ರಾಶಿ. ನಮ್ಮ ಜನ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದು, ಸೊಗಡು ಚೆನ್ನಾಗಿದೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಾಯಿ ಸುಲಿದ ಕೈಯನ್ನು ಎಷ್ಟು ತೊಳೆದರೂ ಬಿಡದ ಆ ಜಿಡ್ಡು ವಾಸನೆಯೆಂದರೆ ಬೆಂಗಳೂರಿನವರಿಗೆ ಪ್ರಾಣ. ನನಗೆ ಹೊಟ್ಟೆ ತೊಳಸುತ್ತದೆ. ಮೂಗಿಗೆ ಸೆರಗು ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಅವರೆಕಾಯಿ ತಿನ್ನದ ಬೆಂಗಳೂರಿನವಳು ಎಂದು ಬ್ಯಾಂಕಿನಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಅಲರ್ಜಿ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಪಾಪ, ಕಾಯಿಯದೇನೂ ತಪ್ಪಿರಲಿಲ್ಲ.

ಈ ಸಲ ಆ ವಾಸನೆ ಒಬ್ಬಂಟಿಯಾಗಿ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ, ಕಾಯಿರಾಶಿಯ ಪಕ್ಕದಲ್ಲೇ ಒಂದು ‘ಹೆರಿಟೇಜ್ ವಾಕ್’ ಗುಂಪು ನಿಂತಿತ್ತು. ಈಗೀಗ ಭಾನುವಾರ ಬಂದರೆ ನಮ್ಮ ರಸ್ತೆಗಳಿಗೆ ಇದೊಂದು ಕಾಟ. ತಲೆಗೆ ಟೋಪಿ, ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ನಾವು ಒಳಲಂಗ ಒಣಹಾಕಿದ ಜಗಲಿಯ ಫೋಟೋ ತೆಗೆದುಕೊಂಡು ‘ವಾವ್’ ಎನ್ನುತ್ತಾರೆ. ಅವರನ್ನು ಕರೆತಂದಿದ್ದವನು ಹಳೆಯ ಸರ್ವೆ ನಕಾಶೆಯ, ಅಂದರೆ ಟೋಪೋ ಶೀಟಿನ, ಲ್ಯಾಮಿನೇಟ್ ಪ್ರತಿಯೊಂದನ್ನು ಎತ್ತಿ ಹಿಡಿದು, ಜನ ಸುಳ್ಳು ಹೇಳಬಹುದು, ನಕಾಶೆ ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಭಾಷಣ ಬಿಗಿಯುತ್ತಿದ್ದ. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಮೂಗಿಗೆ ಆ ಸೊಗಡು, ಕಣ್ಣಿಗೆ ಆ ನಕಾಶೆ... ಎರಡೂ ಒಟ್ಟಿಗೆ ಬಂದಾಗ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಪಕ್ಕದ ಮನೆ ಅತ್ತೆ ನೆನಪಾದರು.

ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ ನೆಂಟಸ್ತನ. ನಾನು ಅಂಬೆಗಾಲಿಡುತ್ತಿದ್ದಾಗಿನಿಂದ ಅವರು ಅಲ್ಲಿ ಒಬ್ಬರೇ ಇದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಕೆಲಸ. ಸರ್ವೆಯವರು ತಂದ ನಕಾಶೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆದು ಇಳಿಸಿಕೊಳ್ಳುವುದು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಮದುವೆಯಾದರೆ ಕೈ ನಡುಗುತ್ತದೆ, ಗೆರೆ ನೆಟ್ಟಗೆ ಬರುವುದಿಲ್ಲ ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರಿಗೆ ಹಳೆಯ ಟೋಪೋ ಶೀಟುಗಳ ಹುಚ್ಚು ಹಿಡಿಯಿತು. ಒಂದಿಂಚಿಗೆ ಒಂದು ಮೈಲಿ ಲೆಕ್ಕದ ಆ ದೊಡ್ಡ ಹಾಳೆಗಳು ಆಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಬಳಿ ರದ್ದಿಯ ಜೊತೆ ಬಿದ್ದಿರುತ್ತಿದ್ದವು. ಬೀಡಿ ಕಟ್ಟಲು, ಮಸಾಲೆ ಪೊಟ್ಟಣಕ್ಕೆ ಹೋಗುವುದರೊಳಗೆ ಅತ್ತೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. ಹಿಂದುಗಡೆ ತೆಳು ಬಟ್ಟೆ ಕೊಟ್ಟು ಮೈದಾ ಅಂಟಿನಿಂದ ಅಂಟಿಸುವುದು, ಹುಳ ಹಿಡಿಯದಿರಲೆಂದು ಅಂಟಿಗೆ ಚೂರು ಮೈಲುತುತ್ತ ಕಲಸುವುದು, ನೆರಳಿನಲ್ಲಿ ಒಣಗಿಸಿ ಸುರುಳಿ ಸುತ್ತಿಡುವುದು. ನಡುಮನೆಯ ಮೂಲೆಯಲ್ಲಿ ಕಬ್ಬಿನ ಜಲ್ಲೆಗಳ ಹಾಗೆ ನಿಲ್ಲಿಸಿಟ್ಟಿರುತ್ತಿದ್ದರು.

ಅವುಗಳಲ್ಲಿ ಒಂದು ಹಾಳೆಯ ಮೇಲೆ ಅವರ ಮನಸ್ಸು ನಿಂತಿತು. ಮಾಗಡಿ ದಿಕ್ಕಿನ ಒಂದು ಹೋಬಳಿ. ಅದರ ಹೆಸರು ಬರೆಯಲು ನನಗೆ ಇಷ್ಟವಿಲ್ಲ. ಆ ಹಾಳೆಯಲ್ಲಿ ಇದ್ದು ಈಗ ನೆಲದ ಮೇಲೆ ಇಲ್ಲದ ಊರುಗಳನ್ನೆಲ್ಲ ಹುಡುಕಿ, ಸುತ್ತಲಿನವರನ್ನು ಮಾತಾಡಿಸಿ, ಇಡೀ ಹೋಬಳಿಯ ಚರಿತ್ರೆಯನ್ನು ಬರೆಯಬೇಕೆಂಬುದು ಅವರ ಹಟ. ಭಾನುವಾರ ಬೆಳಗಾದರೆ ಕಲಾಸಿಪಾಳ್ಯದಲ್ಲಿ ಬಸ್ಸು. ಜೊತೆಗೆ ನಾನು. ಬ್ಯಾಂಕಿಗೆ ಸೇರಿದ ಹೊಸತು, ಭಾನುವಾರ ಮನೆಯಲ್ಲಿದ್ದರೆ ಯಾರಾದರೂ ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು ಹೋಗುವ ಕಾಲ. ಅದಕ್ಕಿಂತ ಮುಳ್ಳುಪೊದೆ ವಾಸಿ ಎಂದು ಅವರ ಚೀಲ ಹೊತ್ತು ನಡೆಯುತ್ತಿದ್ದೆ. ಚೀಲದಲ್ಲಿ ಚಿತ್ರಾನ್ನ, ಮೊಸರನ್ನ, ನೀರು, ಒಂದು ಕತ್ತಿ.

ಅತ್ತೆಯ ಕ್ರಮ ಒಂದೇ. ಊರಾಚೆಯ ಗುಡಿಯನ್ನೋ ಬಾವಿಯನ್ನೋ ಮೊದಲು ಗುರುತು ಹಿಡಿಯುವುದು. ಅಲ್ಲಿ ನೆಲದ ಮೇಲೆ ಹಾಳೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಉತ್ತರಕ್ಕೆ ಉತ್ತರ ಕೂಡಿಸಿ ಸುಮ್ಮನೆ ಕೂರುವುದು. ಕೂತರೆ ಸಾಕು, ಯಾರಾದರೂ ಬಂದೇ ಬರುತ್ತಿದ್ದರು. ಬಂದವರ ಮೊದಲ ಮಾತು ಯಾವಾಗಲೂ ಒಂದೇ, ಜಮೀನು ನೋಡಕ್ಕೆ ಬಂದ್ರಾ ಎಂದು. ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ಜಮೀನು ಬೇಡಪ್ಪ, ನಿಮ್ಮೂರಿನ ಕಥೆ ಬೇಕು ಎಂದು ಛತ್ರಿಯ ತುದಿಯಿಂದ ಹಾಳೆ ತೋರಿಸುತ್ತಿದ್ದರು. ಆಮೇಲೆ ಕಥೆಗೇನು ಬರ. ಪ್ಲೇಗಿಗೆ ಹೆದರಿ ರಾತ್ರೋರಾತ್ರಿ ಬಿಟ್ಟುಹೋದ ಊರು, ಈಗ ಹುಣಸೆಮರ ಮತ್ತು ಒಂದು ಮಾರಮ್ಮನ ಕಲ್ಲು. ಸಂತೆಗೆ ಹೋಗುತ್ತಿದ್ದ ಬಂಡಿದಾರಿ, ಈಗ ಕತ್ತಾಳೆ ಬೇಲಿ. ಕಾಗದದ ಮೇಲಿನ ಚುಕ್ಕೆ ಕಾಲ ಕೆಳಗೆ ಸಿಕ್ಕಾಗ ಆಗುತ್ತಿದ್ದ ಪುಳಕ ಇದೆಯಲ್ಲ, ಅದನ್ನು ನನಗೆ ಕೊಟ್ಟವರು ಅವರು. ಇಷ್ಟು ವರ್ಷದ ಮೇಲೂ ಅದನ್ನು ಇಲ್ಲವೆನ್ನಲಾರೆ.

ಒಂದು ದಿನ ಊರೊಂದರ ಮಗ್ಗುಲಲ್ಲಿ, ಜಾಲಿ ಬೆಳೆದ ಒಂದು ತಗ್ಗು ಬಯಲಿಗೆ ಹೋಗಿದ್ದೆವು. ಹಾಳೆಯಲ್ಲಿ ಅಲ್ಲಿ ಏರಿಯ ಗುರುತು, ಅದರ ಹಿಂದೆ ಕಪ್ಪು ಗೆರೆಯ ಒಂದು ಅಂಚು. ಒಳಗೆ ಬಣ್ಣವಿಲ್ಲ, ಬಿಳಿ. ಕೆರೆಗಳಿಗೆಲ್ಲ ನೀಲಿ ಇರುತ್ತದಲ್ಲ, ಇದು ಕೆರೆಯಲ್ಲವೇನೋ ಎಂದೆ. ಅತ್ತೆ ನನ್ನ ತಲೆಯ ಮೇಲೆ ಮೊಟಕಿದರು. ಸರ್ವೆಯವರು ಮಳೆಗಾಲದಲ್ಲಿ ಬರುತ್ತಿರಲಿಲ್ಲ, ಒಣಗಿದ ದಿನಗಳಲ್ಲಿ ಡೇರೆ ಹಾಕಿ ಅಳೆದು ಹೋಗುತ್ತಿದ್ದರು. ಅವರು ಬಂದಾಗ ನೀರಿದ್ದರೆ ನೀಲಿ, ಇಲ್ಲದಿದ್ದರೆ ಬರೀ ಅಂಚು.

"ನೀಲಿ ಇಲ್ಲ ಅಂತ ಕೆರೆ ಇಲ್ಲ ಅನ್ನೋನು ದಡ್ಡ ಕಣೆ," ಎಂದರು. "ಏರಿ ನೋಡು, ತೂಬು ನೋಡು. ಜನ ಸುಮ್ಸುಮ್ನೆ ಮಣ್ಣು ಹೊತ್ತು ಹಾಕಲ್ಲ."

ಕತ್ತಿಯಿಂದ ಲಂಟಾನ ಸವರಿದಾಗ ತೂಬು ಸಿಕ್ಕಿತು. ಎರಡು ಕಲ್ಲುಕಂಬ, ಮೇಲೊಂದು ಅಡ್ಡಕಲ್ಲು, ನೀರು ತಡೆಯಲು ಗೂಟ ಇಳಿಸುತ್ತಿದ್ದ ತೂತು. ಊರಿನವರು ದಿಣ್ಣೆ ಎನ್ನುತ್ತಿದ್ದದ್ದು ಒಡೆದುಹೋದ ಏರಿ. ನಾವು ಹಾಗೆ ಹುಡುಕುತ್ತಿದ್ದಾಗ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದ. ಜಮೀನಿನ ಮಾತೆತ್ತದ ಮೊದಲ ಮನುಷ್ಯ ಅವನು. ಕಲ್ಲನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಅವನ ಕಥೆ ಬಂತು. ತಮ್ಮದು ನೀರಗಂಟಿಗಳ ಮನೆ, ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದವರು ತಾವು ಎಂದು ಅವನ ಅಜ್ಜ ಹೇಳುತ್ತಿದ್ದನಂತೆ. ಆದರೆ ಅಲ್ಲಿ ನೀರು ನಿಂತದ್ದನ್ನು ಊರಿನಲ್ಲಿ ಬದುಕಿದ್ದ ಯಾರೂ ಕಂಡಿರಲಿಲ್ಲ. ನೀರಿಲ್ಲದ ಊರಿನ ನೀರಗಂಟಿ ಎಂದು ಅವನ ಅಪ್ಪನನ್ನೂ ಅವನನ್ನೂ ಊರೆಲ್ಲ ರೇಗಿಸುತ್ತಿತ್ತಂತೆ. ಹಬ್ಬದಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೂಡ.

ಅತ್ತೆ ಹಾಳೆ ಬಿಡಿಸಿದರು. ಇದು ನಿಮ್ಮೂರು, ಇದು ಗುಡಿ, ಇದು ಏರಿ ಎಂದರು. ಅವನ ಬೆರಳು ಹಿಡಿದು ಆ ಅಂಚಿನ ಮೇಲೆ ಇಡಹೋದಾಗ, ಕೊಳೆಯಾಗುತ್ತದೆಂದು ಅವನು ಕೈ ಹಿಂದಕ್ಕೆಳೆದುಕೊಂಡ. ಅವರು ಬಿಡಲಿಲ್ಲ. ಬೆರಳಿಟ್ಟು ಕೆರೆಯ ಸುತ್ತ ಒಂದು ಸುತ್ತು ತಂದರು. ನಿಮ್ಮಜ್ಜ ಹೇಳಿದ್ದು ನಿಜ ಎಂದರು. ಮುದುಕ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಾನು ಮೇಕೆಗಳ ಕಡೆ ನೋಡುತ್ತ ನಿಂತೆ...

ಅವತ್ತು ಅವನ ಮನೆಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಅಂದಿನಿಂದ ಪ್ರತಿ ಚಳಿಗಾಲ ಆ ಮುದುಕ ಬಸ್ಸು ಹತ್ತಿ ನಮ್ಮ ರಸ್ತೆಗೆ ಬರುತ್ತಿದ್ದ, ಅತ್ತೆಗೆ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದು, ಊರಿನಲ್ಲಿ ಈಗ ತನ್ನನ್ನು ನೀರಗಂಟಪ್ಪ ಎಂದು ಮರ್ಯಾದೆಯಿಂದ ಕರೆಯುತ್ತಾರೆ ಎಂದು ಹೇಳಿ ಹೋಗುತ್ತಿದ್ದ.

ಹೋಬಳಿಯ ಚರಿತ್ರೆ ಬರೆದು ಮುಗಿಯಿತು. ಅಚ್ಚಿನಂಥ ಗುಂಡು ಅಕ್ಷರ, ಎಲ್ಲೂ ಚಿತ್ತಿಲ್ಲ. ಅದನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಅತ್ತೆ ಪ್ರಕಾಶಕರ ಮೆಟ್ಟಿಲು ಹತ್ತಿಳಿದರು. ಒಬ್ಬರು ಪಠ್ಯಪುಸ್ತಕವಾದರೆ ನೋಡೋಣ ಎಂದರು. ಇನ್ನೊಬ್ಬರು ಅಡುಗೆ ಪುಸ್ತಕ ಬರೆಯಿರಿ ಎಂದು ಸಲಹೆ ಕೊಟ್ಟರು. ಮತ್ತೊಬ್ಬರು ಓದದೆಯೇ ಬಹಳ ದಿನ ಇಟ್ಟುಕೊಂಡು, ಅದರ ಮೇಲೆ ಚಹಾ ಲೋಟದ ಉಂಗುರ ಮೂಡಿಸಿ ವಾಪಸು ಕೊಟ್ಟರು. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗತೊಡಗಿತ್ತು. ಕಣ್ಣು ಹೋಗೋದರೊಳಗೆ ಅದನ್ನ ಅಚ್ಚಿನಲ್ಲಿ ನೋಡಬೇಕು ಎಂದು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದರು.

ಆಗ ಗಂಟುಬಿದ್ದವರು ಅಧ್ಯಕ್ಷರು. ಬಸವನಗುಡಿಯಲ್ಲಿ ಇತಿಹಾಸಾಸಕ್ತರದೊಂದು ಬಳಗವಿತ್ತು, ಅದರ ಅಧ್ಯಕ್ಷ. ಅದೇ ಹೋಬಳಿಯ ರಾಗಿ ಹೊಲದಿಂದ ಬಂದು, ತರಗುಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡಿ, ಆಮೇಲೆ ಸೈಟು ವ್ಯಾಪಾರಕ್ಕಿಳಿದು ಉಬ್ಬಿದ ಮನುಷ್ಯ. ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ಚಪ್ಪಲಿ. ಮೈಗೆ ಸುರಿದುಕೊಂಡ ಅತ್ತರು ಅವನು ಎದ್ದುಹೋದ ಮೇಲೂ ಕುರ್ಚಿಯ ಮೇಲೆ ಕೂತಿರುತ್ತಿತ್ತು. ಅತ್ತೆಯನ್ನು ಬಾಯ್ತುಂಬ ‘ಅಕ್ಕ’ ಎನ್ನುತ್ತಿದ್ದ. ತಾನು ಹುಟ್ಟಿದ ಹೋಬಳಿಯ ಚರಿತ್ರೆ, ಅಚ್ಚು ಹಾಕಿಸುವುದು ತನ್ನ ಭಾಗ್ಯ, ಒಳ್ಳೇ ಕಾಗದ, ಕೊನೆಯಲ್ಲಿ ಮಡಿಸಿಟ್ಟ ದೊಡ್ಡ ನಕಾಶೆ, ಅದನ್ನೂ ಅಕ್ಕನ ಕೈಯಿಂದಲೇ ಬರೆಸೋಣ ಎಂದ. ಅತ್ತೆ ಆ ವಾರವೆಲ್ಲ ಗುನುಗುತ್ತ ಓಡಾಡಿದರು. ನಾನೂ ಖುಷಿಪಟ್ಟೆ. ಒಂದು ಒಳ್ಳೆಯ ಕೆಲಸಕ್ಕೆ ಎಂಥವನ ದುಡ್ಡಾದರೇನು ಎಂದುಕೊಂಡೆ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪುಸ್ತಕದ ಒಂದು ಪುಟವನ್ನೂ ತಿರುವದ ಗಣ್ಯರು ಒಬ್ಬರಾದ ಮೇಲೊಬ್ಬರು ಎದ್ದು, ಮರೆತ ನೆಲಕ್ಕೆ ಕಣ್ಣು ಕೊಟ್ಟ ತಾಯಿ ಎಂದು ಹೊಗಳಿದರು. ಸುಳ್ಳು ಹೊಗಳಿಕೆ ಕೇಳಿ ಕೇಳಿ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಕೇಸರಿಬಾತಿನ ತುಪ್ಪ ದೊನ್ನೆಯಿಂದ ಸೋರಿ ಮುಂಗೈವರೆಗೆ ಇಳಿಯುತ್ತಿತ್ತು. ಕೈ ತೊಳೆದು ಬಂದು ಪುಸ್ತಕದ ಕೊನೆಯ ನಕಾಶೆ ಬಿಡಿಸಿದೆ. ಎಲ್ಲ ಇತ್ತು. ಮಾರಮ್ಮನ ಕಲ್ಲು, ಹುಣಸೆಮರದ ಊರು, ಕತ್ತಾಳೆ ಬೇಲಿಯಾದ ದಾರಿ, ಎಲ್ಲ ಅವರ ನೆಟ್ಟನೆಯ ಗೆರೆಯಲ್ಲಿ. ಆ ಒಂದು ಕಡೆ ಮಾತ್ರ ಏರಿ ಇರಲಿಲ್ಲ. ಕೆರೆಯ ಅಂಚೂ ಇರಲಿಲ್ಲ. ಬರೀ ಬಿಳಿ. ನೀರಗಂಟಿಯ ಕಥೆ ಇದ್ದ ಅಧ್ಯಾಯ ಹುಡುಕಿದೆ, ಅದೂ ಇಲ್ಲ. ತಲೆಯೆತ್ತಿ ನೋಡಿದರೆ ವೇದಿಕೆಯ ಮೇಲೆ ಅಧ್ಯಕ್ಷರು ಅತ್ತೆಯ ಕಾಲಿಗೆ ಬಿದ್ದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮಾರನೆಯ ದಿನ ಹೋಗಿ ಕೇಳಿದೆ. ಅತ್ತೆ ನುಣುಚಿಕೊಳ್ಳಲಿಲ್ಲ, ಅದೊಂದು ಒಳ್ಳೆಯ ಗುಣ. ಕೆರೆ ಇದ್ದ ಬಯಲನ್ನೂ ಅದರ ಸುತ್ತಲಿನ ಹೊಲಗಳನ್ನೂ ಅಧ್ಯಕ್ಷರ ಕಡೆಯವರು ಬಡಾವಣೆ ಮಾಡಲು ಹೊರಟಿದ್ದರು. ಪಹಣಿಯಲ್ಲಿ ಅದು ಎಂದೋ ಬರೀ ಬೀಳುಜಾಗವಾಗಿಬಿಟ್ಟಿತ್ತು. ಈಗ ಹೊಸದಾಗಿ ಒಂದು ಪುಸ್ತಕ, ಅದರಲ್ಲೊಂದು ನಕಾಶೆ, ಅಲ್ಲಿ ಕೆರೆ ಎಂದಿದ್ದರೆ ನಾಳೆ ಯಾರಾದರೂ ಕೋರ್ಟಿಗೆ ಹಿಡಿದುಕೊಂಡು ಹೋಗುತ್ತಾರೆ. ಅದೊಂದು ಬಿಟ್ಟರೆ ಪುಸ್ತಕ ನಾಳೆಯೇ ಪ್ರೆಸ್ಸಿಗೆ, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ ಅಧ್ಯಕ್ಷರು. ಅಷ್ಟೇ ಮಾತು ನಡೆದದ್ದು.

"ಅಷ್ಟೆಲ್ಲ ಊರು ಉಳೀತು, ಒಂದು ಹಳ್ಳ ಹೋಯ್ತು," ಎಂದರು ಅತ್ತೆ. "ಯಾವ್ದು ದೊಡ್ಡದು ನೀನೇ ಹೇಳು."

ಹಳ್ಳ. ಆ ಬಾಯಿಂದ ಆ ಮಾತು ಬಂದಾಗ ನನಗೆ ಮೊದಲ ಸಲ ಹೇಸಿಗೆಯಾಯಿತು. ಕಣ್ಣಿನ ವಿಷಯ ನನಗೆ ಗೊತ್ತಿತ್ತು. ವಾಪಸು ಬಂದ ಹಸ್ತಪ್ರತಿಯನ್ನು ಎದೆಗವಚಿಕೊಂಡು ಅವರು ಬಸ್ಸಿನಲ್ಲಿ ಕೂತಿದ್ದುದನ್ನು ನೋಡಿದವಳು ನಾನು. ಹಾಗಾಗಿ ಅವತ್ತು ಎದ್ದು ಬಂದೆನೇ ಹೊರತು ನೆಂಟಸ್ತನ ಮುರಿದುಕೊಳ್ಳಲಿಲ್ಲ. ಬರೆಯದೆ ಬಿಡುವುದು ಒಂದು, ಇಲ್ಲ ಎನ್ನುವುದು ಇನ್ನೊಂದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಚಳಿಗಾಲ ಮುದುಕ ಎಂದಿನಂತೆ ಬಂದ. ಹೆಗಲ ಮೇಲೆ ಅದೇ ಅವರೆಕಾಯಿ ಚೀಲ. ಜಗಲಿಯ ತುದಿಯಲ್ಲಿ ಅತ್ತೆಯ ಎದುರು ಕೂತ. ನಾನು ನಮ್ಮ ಜಗಲಿಯಿಂದ ಇಳಿದು ಹೋಗಿ ಅಲ್ಲೇ ನಿಂತೆ. ಊರಿನಲ್ಲಿ ಜೆಸಿಬಿ ಬಂದು ನಿಂತಿದೆಯಂತೆ. ಊರಿನವರೆಲ್ಲ ಸೇರಿ ತಕರಾರು ಅರ್ಜಿ ಕೊಡಬೇಕೆಂದಿದ್ದಾರೆ. ಕಂದಾಯದ ಕಾಗದಪತ್ರದಲ್ಲಿ ಏನೂ ಉಳಿದಿಲ್ಲ, ಆದ್ದರಿಂದ ಅಧಿಕಾರಿಯ ಮುಂದೆ ನಿಂತು, ಇದು ಕೆರೆ, ನಾವು ಅದರ ನೀರಗಂಟಿಗಳು ಎಂದು ಸಾಕ್ಷಿ ಹೇಳಬೇಕಾದವನು ಇವನು. ಅಧ್ಯಕ್ಷರ ಕಡೆಯವರು ಪುಸ್ತಕ ತಂದು ತೋರಿಸಿ, ನಿನ್ನ ಅಮ್ಮಾವ್ರೇ ಕೆರೆ ಇಲ್ಲ ಅಂದಿದ್ದಾರಲ್ಲ ಎಂದರಂತೆ. ಮುದುಕನಿಗೆ ಓದು ಬಾರದು. ಅದಕ್ಕೇ ಕೇಳಿಕೊಂಡು ಹೋಗಲು ಬಂದಿದ್ದ.

"ಅಮ್ಮಾವ್ರೆ, ನೀವ್ ಒಂದ್ಮಾತು ಹೇಳ್ಬುಡಿ," ಎಂದ. "ಅದು ಕೆರೆನೇ ತಾನೆ?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಅಷ್ಟು ಹೊತ್ತೂ ನಾನು, ಹೇಳಿ ಅತ್ತೆ, ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಸರ್ವೆ ಮಾಡ್ದಾಗ ಅಲ್ಲಿ ನೀರಿರ್ಲಿಲ್ಲಪ್ಪ. ನಕಾಶೆಯಲ್ಲಿ ನೀಲಿ ಹಾಕಿಲ್ಲ. ನೀಲಿ ಹಾಕ್ದೇ ಇರೋದನ್ನ ಕೆರೆ ಅಂತ ನಾನು ಹೇಗೆ ಹೇಳ್ಲಿ?"

ಅವತ್ತು ಬೆರಳು ಹಿಡಿದು ತೋರಿಸಿದ್ದಿರಲ್ಲ ಎಂದು ಮುದುಕ ಕೇಳಿದ. ಅವತ್ತು ಸರಿಯಾಗಿ ನೋಡಿರಲಿಲ್ಲ ಎಂದರು ಅತ್ತೆ. ನಾನು ನಡುವೆ ಬಾಯಿ ಹಾಕಿ, ಏರಿ ಇತ್ತಲ್ಲ ಅತ್ತೆ, ತೂಬು ಇತ್ತಲ್ಲ, ನಾವೇ ಲಂಟಾನ ಕಡಿದೆವಲ್ಲ ಎಂದೆ. ಮುದುಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದ. ಅವನು ಸಿಟ್ಟಾಗಿದ್ದರೆ, ಶಾಪ ಹಾಕಿದ್ದರೆ, ಆ ಚೀಲವನ್ನು ಜಗಲಿಯ ಮೇಲೆ ಎತ್ತಿ ಎಸೆದಿದ್ದರೆ ನನಗೆ ಇಷ್ಟು ವರ್ಷ ಹೀಗೆ ಹೊಟ್ಟೆ ತೊಳಸುತ್ತಿರಲಿಲ್ಲವೇನೋ. ಅವನು ಎರಡೂ ಕೈ ಜೋಡಿಸಿದ.

"ನೋಡಿ ಹೇಳಿದ್ರಲ್ಲ, ಒಳ್ಳೇದಾಯ್ತು ತಾಯಿ. ಇಲ್ದಿದ್ರೆ ಸುಳ್ ಸಾಕ್ಷಿ ಹೇಳಿದ್ ಪಾಪ ನಂಗೆ ಸುತ್ಕಂತಿತ್ತು."

ಕಾಫಿ ಕುಡಿದು, ಕಾಯಿ ಚೀಲವನ್ನು ಅಲ್ಲೇ ಬಿಟ್ಟು ಎದ್ದ. ನಾನು ರಸ್ತೆಯ ತಿರುವಿನವರೆಗೆ ಅವನ ಹಿಂದೆ ಓಡಿಹೋಗಿ, ತಾತ, ಅದು ಕೆರೆಯೇ, ನನ್ನ ಮಾತು ನಂಬಿ, ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ನೀನು ಅವರ ಚೀಲ ಹಿಡಿದುಕೊಂಡು ಬರುತ್ತಿದ್ದ ಮಗುವಲ್ಲವೇ, ತಿಳಿದವರು ಅವರು, ಅವರೇ ಹೇಳಿದ ಮೇಲೆ ಮುಗಿಯಿತು ಎಂದು ತಲೆ ಸವರಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ. ಆದರೂ ನಾನು, ಹಳೆಯ ಟೋಪೋ ಶೀಟಿನಲ್ಲಿ ಏರಿಯ ಗುರುತಿದೆ ಎಂದು ಅರ್ಜಿ ಬರೆದು ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಹೇಳಬೇಕಾದವನೇ ಹಿಂದೆ ಸರಿದ ಮೇಲೆ ಊರೂ ತಣ್ಣಗಾಗಿತ್ತು.

ಮುದುಕ ಬಂದುಹೋದ ಮಾರನೆಯ ದಿನ ಮಧ್ಯಾಹ್ನ ಗೋಡೆಯಾಚೆಯಿಂದ ಒಗ್ಗರಣೆಯ ವಾಸನೆ ಬಂತು. ಅತ್ತೆ ಆ ಕಾಯನ್ನೇ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಹಿದುಕಿ, ಹಿದುಕಿದ ಬೇಳೆಯ ಸಾರು ಮಾಡಿದ್ದರು. ಪ್ರತಿವರ್ಷದಂತೆ ಸ್ಟೀಲು ಡಬ್ಬಿಯಲ್ಲಿ ನಮಗೂ ತಂದುಕೊಟ್ಟರು. ಈ ಸಲ ಬೇಳೆ ಎಷ್ಟು ಎಳೆಯದು ನೋಡು ಎಂದರು. ನಾನು ಡಬ್ಬಿ ಇಸಿದುಕೊಂಡೆ. ಬಚ್ಚಲಿಗೆ ಹೋಗಿ ಸುರಿದೆ. ಹಳದಿ ಬೇಳೆ ಜಾಲರಿಯ ಮೇಲೆ ಗುಡ್ಡೆಯಾಗಿ ನಿಂತಿತು, ನೀರು ಹಾಕಿದರೂ ಹೋಗಲಿಲ್ಲ. ಕೈಯಿಂದ ಬಾಚಿ ತೆಗೆಯಬೇಕಾಯಿತು. ಆಮೇಲೆ ಅಲ್ಲೇ ವಾಂತಿ ಮಾಡಿಕೊಂಡೆ. ಅವರು ಸುಳ್ಳು ಹೇಳಿದ್ದನ್ನು ಎಂದಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆ ಸಾರಿಗೆ ಅವರು ಕೂತು ಬೇಳೆ ಹಿದುಕಿದರಲ್ಲ, ತೆಂಗಿನಕಾಯಿ ತುರಿದರಲ್ಲ, ರುಚಿ ನೋಡಿದರಲ್ಲ... ಅದನ್ನು ನುಂಗಲು ಆಗಲಿಲ್ಲ.

ಡಬ್ಬಿಯನ್ನು ತೊಳೆದು ಅವರ ಜಗಲಿಯ ಮೇಲಿಟ್ಟು ಬಂದೆ. ಖಾಲಿ ಡಬ್ಬಿ ಹಿಂದಿರುಗಿಸಬಾರದು, ಒಂದು ಚೂರು ಸಕ್ಕರೆಯಾದರೂ ಹಾಕಿ ಕೊಡಬೇಕೆಂಬುದು ನಮ್ಮ ರಸ್ತೆಯ ರೂಢಿ. ನಾನು ಖಾಲಿಯೇ ಇಟ್ಟೆ. ಅತ್ತೆಗೆ ಅರ್ಥವಾಯಿತು. ಮತ್ತೆ ಕರೆಯಲಿಲ್ಲ. ಅದಾದ ಮೇಲೆ ಅದೇ ಒಂದು ಗೋಡೆಯ ಆಚೀಚೆ ವರ್ಷಗಟ್ಟಲೆ ಬದುಕಿದೆವು. ಅವರ ರೇಡಿಯೋ, ಅವರ ಕುಕ್ಕರಿನ ಸೀಟಿ, ಬರಬರುತ್ತ ಅವರ ಕೆಮ್ಮು ನನಗೆ ಕೇಳಿಸುತ್ತಿತ್ತು. ನನ್ನದೂ ಅವರಿಗೆ ಕೇಳಿಸುತ್ತಿದ್ದಿರಬೇಕು.

ಪುಸ್ತಕದಿಂದ ಬಂದ ಕೀರ್ತಿ ಎಷ್ಟು ದಿನದ್ದು. ಕೊನೆಗೆ ಎರಡೂ ಕಣ್ಣು ಮಂಜಾಗಿ, ಮಲ್ಲೇಶ್ವರದ ತಂಗಿಯ ಮಗಳು ಕರೆದುಕೊಂಡು ಹೋದಳು. ಅಲ್ಲೇ ತೀರಿಕೊಂಡರು. ಹೋಗಿ ನೋಡಿದೆ, ಹೂವು ಹಾಕಿದೆ, ಅಳು ಬರಲಿಲ್ಲ. ಅಧ್ಯಕ್ಷರು ದೊಡ್ಡ ಹಾರ ಕಳಿಸಿದ್ದರು. ಟೋಪೋ ಶೀಟುಗಳನ್ನು ತಂಗಿಯ ಮಗಳು ಯಾರೋ ಗೋಡೆ ಅಲಂಕಾರದವರಿಗೆ ಕೊಟ್ಟಳಂತೆ. ಬಸವನಗುಡಿಯ ಹೊಸ ಕಾಫಿ ಅಂಗಡಿಯೊಂದರಲ್ಲಿ ಅಂಥದೇ ಒಂದು ಹಾಳೆಗೆ ಗಾಜು ಹಾಕಿ ತೂಗುಹಾಕಿದ್ದನ್ನು ಕಂಡೆ. ಅದರ ಕೆಳಗೆ ಕೂತವರು ದೋಸೆಯ ಫೋಟೋ ತೆಗೆಯುತ್ತಿದ್ದರು. ಹತ್ತಿರ ಹೋಗಿ ಯಾವ ಹೋಬಳಿಯದೆಂದು ನೋಡುವ ಧೈರ್ಯ ನನಗಿರಲಿಲ್ಲ.

ಹಾಲಿನ ಪ್ಯಾಕೆಟ್ ಹಿಡಿದು ನಿಂತ ಆ ಬೆಳಿಗ್ಗೆಯ ಮುಂದಿನ ಭಾನುವಾರ, ಏನನ್ನಿಸಿತೋ, ಕಲಾಸಿಪಾಳ್ಯಕ್ಕೆ ಹೋಗಿ ಬಸ್ಸು ಹತ್ತಿದೆ. ಹೋಬಳಿಯ ದಾರಿಯುದ್ದಕ್ಕೂ ಸೈಟಿನ ಫಲಕಗಳು. ಬಡಾವಣೆಯ ಬಾಗಿಲಲ್ಲಿ ಕಲ್ಲಿನ ಕಮಾನು, ಅದರ ಮೇಲೆ ‘ಸರೋವರ’ ಎಂದು ಹೊಳೆಯುವ ಅಕ್ಷರ. ಕೆರೆ ಮುಚ್ಚಿ ಅದಕ್ಕೆ ಸರೋವರವೆಂದು ಹೆಸರಿಡಲು ಎಂಥ ನಾಲಿಗೆ ಬೇಕು. ಒಳಗೆ ತೂಬೂ ಇಲ್ಲ, ಏರಿಯೂ ಇಲ್ಲ. ಕಾವಲಿನವನು ಯಾವ ಸೈಜಿನ ಸೈಟು ನೋಡಬೇಕು ಎಂದು ಕೇಳಿದ.

ಅಲ್ಲಿಂದ ಊರೊಳಗೆ ನಡೆದು ಮುದುಕನ ಮನೆ ಹುಡುಕಿದೆ. ಅವನು ಹೋಗಿ ಬಹಳ ಕಾಲವಾಗಿತ್ತು. ಸೊಸೆ ಅಂಗಳದಲ್ಲಿ ನೀರು ತುಂಬಿಸುತ್ತಿದ್ದಳು. ಕುರ್ಚಿ ಹಾಕಿ ಕೂರಿಸಿ, ಕುಡಿಯಲು ನೀರು ಕೊಟ್ಟಳು. ನಾನು ನೀರಗಂಟಿ ಮನೆ ಇದೇ ಅಲ್ಲವಾ ಎಂದು ಕೇಳಿದೆ. ಅವಳು ನಕ್ಕಳು. ಮಾವ ಮೊದಲು ಹಾಗೆ ಹೇಳಿಕೊಳ್ಳುತ್ತಿದ್ದರಂತೆ, ಆಮೇಲೆ ತಾವೇ ಬಿಟ್ಟುಬಿಟ್ಟರಂತೆ. ಮಕ್ಕಳು ಮೊಮ್ಮಕ್ಕಳು ಯಾರಾದರೂ ಆ ಮಾತೆತ್ತಿದರೆ, ಅದು ನಮ್ಮಜ್ಜ ಕಟ್ಟಿದ ಸುಳ್ಳು, ಬಾಯಲ್ಲಿ ತರಬೇಡಿ ಎಂದು ಗದರುತ್ತಿದ್ದರಂತೆ. ಅಲ್ಲಿ ಬಡಾವಣೆ ಇರುವ ಕಡೆ ನಿಜವಾಗಿ ಒಂದು ಕೆರೆ ಇತ್ತಮ್ಮ, ನಾನೇ ತೂಬು ಕಂಡಿದ್ದೇನೆ ಎಂದೆ. ಅವಳು ದೊಡ್ಡವರ ಮಾತಿಗೆ ಎದುರಾಡಬೇಕಲ್ಲ ಎಂಬಂತೆ ಸಂಕೋಚದಿಂದ ತಲೆಯಾಡಿಸಿದಳು.

"ಇಲ್ಲಮ್ಮ, ನಿಮ್ಗೆ ಗೊತ್ತಿಲ್ಲ," ಎಂದಳು. "ಬೆಂಗ್ಳೂರಿಂದ ಒಬ್ರು ಅಮ್ಮಾವ್ರು ಬಂದು ನಕಾಶೆ ನೋಡಿ ಹೇಳಿದ್ರಂತೆ, ಇಲ್ಲಿ ಕೆರೆನೇ ಇರ್ಲಿಲ್ಲ ಅಂತ. ಕೆರೆ ಇಲ್ದಿದ್ ಊರ್ಗೆ ನೀರಗಂಟಿ ಎಲ್ಲಿಂದ ಬತ್ತಾನೆ?"

ಕತ್ತಲಾಗುವ ಮೊದಲು ಮನೆಗೆ ಬಂದೆ. ಬೀಗ ತೆಗೆಯುವಾಗ ಪಕ್ಕದ ಮನೆಯ ಬಾಗಿಲ ಕಡೆ ನೋಡಿದೆ. ಅಲ್ಲಿ ಈಗ ಯಾರೋ ಬಾಡಿಗೆಗಿದ್ದಾರೆ, ಹೊರಗೆ ನಾಲ್ಕಾರು ಜೊತೆ ಶೂ ಬಿದ್ದಿರುತ್ತವೆ. ಆ ಸೊಸೆಯ ಮಾತನ್ನು ಯಾರಿಗಾದರೂ ಹೇಳಲೇಬೇಕಿತ್ತು. ಒಂದು ಊರು ತನ್ನ ಕೆರೆಯನ್ನೇ ಸುಳ್ಳೆಂದು ನಂಬಿ ಕೂತಿದೆ ಎಂದರೆ ಅದೇನೆಂದು ಅರ್ಥವಾಗುತ್ತಿದ್ದುದು ಈ ಭೂಮಿಯ ಮೇಲೆ ಒಬ್ಬರಿಗೇ. ಹೇಳಿಕೊಂಡು ಅಳಲು ಅವರೇ ಬೇಕಿತ್ತು, ಮುಖಕ್ಕೆ ಉಗಿಯಲೂ ಅವರೇ ಬೇಕಿತ್ತು. ಒಳಗೆ ಹೋಗಿ ಗೋಡೆಗೆ ಕಿವಿಯಿಟ್ಟೆ. ಆಚೆ ಯಾರೋ ಹಿಂದಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು.